ಖಣ್ ಎನ್ನದ ಇದ್ದಿಲು

ನರೇಗಲ್ಲಿನ ಕಾಲೇಜಿನವರು ನಮಗಾಗಿ ಖಾಲಿ ಮಾಡಿಕೊಟ್ಟ ಕೋಣೆಯಲ್ಲಿ ಅದುವರೆಗೆ ಮುರಿದ ಬೆಂಚುಗಳನ್ನು ಒಟ್ಟಿದ್ದರು. ಡಿಸೆಂಬರಿನ ಒಂದು ಬೆಳಿಗ್ಗೆ ನಾಲ್ಕು ಮಂದಿ ಏದುಸಿರು ಬಿಡುತ್ತ ನಮ್ಮ ಯಂತ್ರವನ್ನು ಅಲ್ಲಿಗೆ ಹೊತ್ತು ತಂದರು. ನೋಡಲು ದೊಡ್ಡ ಟ್ರಂಕಿನಷ್ಟೇ ಇದ್ದರೂ ಹೊಟ್ಟೆಯೊಳಗೆ ಅಯಸ್ಕಾಂತ ಇರುವುದರಿಂದ ಭಾರ ವಿಪರೀತ. ಹೊತ್ತವರಲ್ಲೊಬ್ಬರು ಒಳಗೆ ಕಲ್ಲು ತುಂಬಿದ್ದೀರಾ ಎಂದು ಕೇಳಿದರು. ನಾನು ಮೊಬೈಲು, ಕೈಗಡಿಯಾರ ಎಲ್ಲ ಆಚೆ ಇಡಿರೆಂದು ಕೂಗಾಡುತ್ತಿದ್ದೆ. ಯಂತ್ರ ನಮ್ಮದಲ್ಲ, ಬೇರೊಂದು ಪ್ರಯೋಗಾಲಯದಿಂದ ಕಾಡಿ ಬೇಡಿ ಎರವಲು ತಂದದ್ದು. ಕೊಟ್ಟಿದ್ದು ಹನ್ನೆರಡು ದಿನಕ್ಕೆ. ಹದಿಮೂರನೆಯ ದಿನ ಬೆಳಿಗ್ಗೆ ಅವರ ಗಾಡಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಜೋಳ. ನರೇಗಲ್ಲಿನಿಂದ ಗಜೇಂದ್ರಗಡದ ಕಡೆಗೆ ಹೋಗುವ ದಾರಿಯಲ್ಲಿ ಒಬ್ಬ ಹೆಣ್ಣುಮಗಳ ಎರೆ ಹೊಲವಿದೆ. ಅರವತ್ತು ದಾಟಿದ ಗಟ್ಟಿ ಜೀವ; ಊರೆಲ್ಲ ಆಕೆಯನ್ನು ಅವ್ವಾರ ಎಂದೇ ಕರೆಯುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ಆಕೆಯ ಅತ್ತೆಯ ಕಾಲದಿಂದ ಬಂದ ಒಂದು ಬಿಳಿಜೋಳದ ಬೀಜ ಆ ಹೊಲವೊಂದನ್ನು ಬಿಟ್ಟರೆ ಸುತ್ತಮುತ್ತ ಎಲ್ಲೂ ಉಳಿದಿಲ್ಲ. ಅದನ್ನು ತಳಿ ಪರೀಕ್ಷೆಗೆ ಸೇರಿಸಬೇಕೆಂದು ನಾನು ಸಮಿತಿಯೊಂದರ ಮುಂದೆ ಹೋಗಿದ್ದೆ. ಸಮಿತಿಯ ಹಿರಿಯ ತಜ್ಞರು ಎಲೆಗೆ ಕ್ಲಿಪ್ಪು ಹಾಕಿ ಗಾಳಿ ಅಳೆಯುವ ಉಪಕರಣ ಕಳಿಸಿ ನೋಡಿದರು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ, ಒಳಗೆ ಹೋಗುವ ಗಾಳಿಯಿಲ್ಲ, ಹೊರಗೆ ಬರುವ ಗಾಳಿಯಿಲ್ಲ. ಬಿಸಿಲಿಗೆ ಎಲೆಯ ಯಂತ್ರಾಂಗವೇ ಕೆಡುತ್ತಿದೆ, ಇದು ಮಧ್ಯಾಹ್ನ ಮಲಗುವ ತಳಿ, ಕೈಬಿಡಬಹುದು ಎಂದು ಬರೆದರು. ಜನವರಿಯ ಸಭೆಯಲ್ಲಿ ಕೊನೆಯ ತೀರ್ಮಾನ.

ಈ ಮಾತನ್ನು ಅವ್ವಾರಿಗೆ ತಿಳಿಸಿದಾಗ ಆಕೆ ನಕ್ಕುಬಿಟ್ಟಳು. "ಬಾಗಲಾ ಹಾಕ್ಕೊಂಡ ಮಾತ್ರಕ್ಕ ಮಲಗೇತಿ ಅಂತ ಹೇಳಾಕ ಬರ್ತೈತೇನು? ಒಳಗ ಕುಂತು ಏನ್ ಮಾಡಾಕ್ಹತ್ತೇತಿ ಅಂತ ನೋಡಿದವರು ಯಾರು?" ಆಮೇಲೆ ನಗು ನಿಲ್ಲಿಸಿ, ಈ ವರ್ಷವೇನೋ ನಿನ್ನ ಸಲುವಾಗಿ ಬಿತ್ತಿದ್ದೇನೆ, ಮುಂದಿನ ವರ್ಷ ಮಕ್ಕಳು ಹೊಲದ ತುಂಬ ಕಡಲೆ ಹಾಕುವವರಿದ್ದಾರೆ ಎಂದಳು. ಅಂದರೆ ಸಮಿತಿ ಬೇಡವೆಂದರೆ ಈ ಜೋಳದ ಕಥೆ ಮುಗಿದಂತೆ. ನಾನು ಬಸ್ಸಿನಲ್ಲಿ ಕುಳಿತು ರೋಣ ದಾಟುವವರೆಗೂ ಆಕೆಯ ಪ್ರಶ್ನೆಯನ್ನೇ ಮೆಲುಕು ಹಾಕಿದೆ. ಬಾಗಿಲು ಮುಚ್ಚಿದ ಎಲೆಯ ಒಳಗೆ ಇಣುಕಿ ನೋಡುವ ಯಂತ್ರ ಇದ್ದೇ ಇತ್ತು, ನಾನು ಇಪ್ಪತ್ತು ವರ್ಷ ಅನ್ನ ಉಂಡದ್ದೇ ಆ ಯಂತ್ರದ ಮೇಲೆ.

ಎಲೆ ಬಿಸಿಲಿನಲ್ಲಿ ಮಾಡುವ ಕೆಲಸವನ್ನು ಸರಳವಾಗಿ ಹೇಳಿಬಿಡುತ್ತೇನೆ. ಅದು ನೀರನ್ನು ಒಡೆಯುತ್ತದೆ. ಆಮ್ಲಜನಕ ಒಂದು ಕಡೆ ಹೋಗುತ್ತದೆ, ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತ ಇನ್ನೊಂದು ಕಡೆ ಸಾಗುತ್ತವೆ. ಈ ಸಾಲಿನಲ್ಲಿ ಜೋಡಿಯಿಲ್ಲದೆ ಒಂಟಿಯಾಗಿ ನಿಂತ ಎಲೆಕ್ಟ್ರಾನು ಒಂದು ಪುಟ್ಟ ಅಯಸ್ಕಾಂತ. ಅದನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟು ಸೂಕ್ಷ್ಮತರಂಗ ಹಾಯಿಸಿದರೆ, ಒಂದು ನಿರ್ದಿಷ್ಟ ಬಲದಲ್ಲಿ ಅದು ಓಗೊಡುತ್ತದೆ, ಪರದೆಯ ಮೇಲೆ ಗೆರೆ ಮೂಡುತ್ತದೆ. ಕಾಂತೀಯ ಅನುರಣನ ಎಂದು ನಾವು ಹೇಳುವುದು ಇದನ್ನೇ. ಮೊದಲು ಎರಡು ಸಲ ಎಲೆಗಳನ್ನು ಹೆಪ್ಪುಗಟ್ಟಿಸಿ ನಮ್ಮ ಪ್ರಯೋಗಾಲಯಕ್ಕೆ ಒಯ್ದಿದ್ದೆ. ಹೆಪ್ಪು ಕರಗಿದ ಎಲೆಗಳಿಗೂ ಒಣ ರದ್ದಿಗೂ ವ್ಯತ್ಯಾಸ ಉಳಿದಿರಲಿಲ್ಲ. ಎಲೆ ಯಂತ್ರದ ಹತ್ತಿರ ಹೋಗಿ ಬದುಕುವುದಿಲ್ಲ ಎಂದಾದರೆ ಯಂತ್ರವೇ ಎಲೆಯ ಹತ್ತಿರ ಬರಲಿ ಎಂದು ಹಟ ಹಿಡಿದದ್ದು ಹೀಗೆ.

ನನ್ನ ಜೊತೆ ಬಂದಿದ್ದ ತಂತ್ರಜ್ಞ ಮಂಡ್ಯ ಕಡೆಯವರು. ನನಗಿಂತ ಐದಾರು ವರ್ಷ ಚಿಕ್ಕವರು, ಯಂತ್ರದ ಮೇಲೆ ನೊಣ ಕೂತರೂ ಸಹಿಸದ ಮನುಷ್ಯ. ಮೊದಲೆರಡು ದಿನ ಅವರ ಸಹನೆಯನ್ನು ಕರೆಂಟು ಪರೀಕ್ಷಿಸಿತು. ಬೆಳಿಗ್ಗೆ ಪಂಪ್‌ಸೆಟ್ಟುಗಳಿಗೆ ಮೂರು ಫೇಸು ಬಿಟ್ಟೊಡನೆ ಸುತ್ತಲಿನ ಮೋಟಾರುಗಳೆಲ್ಲ ಶುರುವಾಗಿ ನಮ್ಮಲ್ಲಿ ವೋಲ್ಟೇಜು ಬೀಳುತ್ತಿತ್ತು, ಗೆರೆ ಕುಡಿದವನಂತೆ ಅತ್ತಿತ್ತ ವಾಲುತ್ತಿತ್ತು. ಮೋಟಾರುಗಳು ನಿಲ್ಲುವುದು ಹನ್ನೊಂದಕ್ಕೆ ಎಂದು ಲೈನ್‌ಮನ್ ಹೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ನಮಗೆ ಬೇಕಾಗಿದ್ದದ್ದೇ ಮಧ್ಯಾಹ್ನ.

ಮೂರನೆಯ ದಿನ ಹನ್ನೆರಡೂವರೆಗೆ ಅವ್ವಾರ ತಾನೇ ಕುಡಗೋಲಿನಿಂದ ಕೊಯ್ದ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ತುಂಡು ಮಾಡಿ ಯಂತ್ರದೊಳಗೆ ಇಟ್ಟೆವು. ಮೊದಲು ಕಣ್ಣಿಗೆ ಕಂಡೂ ಕಾಣದಂಥ ಕಡುಗೆಂಪು ಬೆಳಕು ಬಿಡಬೇಕು. ಅದು ಸಾಲಿನ ಕೊನೆಯ ಠಾಣೆಯ ಎಲೆಕ್ಟ್ರಾನನ್ನು ಮಾತ್ರ ಹಾರಿಸುತ್ತದೆ, ಅಲ್ಲೊಂದು ಖಾಲಿ ಜಾಗ ಉಳಿದು ಗೆರೆ ಎತ್ತರಕ್ಕೆ ನಿಲ್ಲುತ್ತದೆ. ಆಮೇಲೆ ಬಿಳಿ ಬೆಳಕು. ಸಾಲಿನ ಮೊದಲಿನ ಠಾಣೆ ಜೀವಂತವಿದ್ದರೆ ಅಲ್ಲಿಂದ ಹೊಸ ಎಲೆಕ್ಟ್ರಾನುಗಳು ಬಂದು ಖಾಲಿ ಜಾಗ ತುಂಬುತ್ತವೆ, ಗೆರೆ ಇಳಿಯುತ್ತದೆ. ಬಿಳಿ ಬೆಳಕಿನ ಗುಂಡಿ ಒತ್ತಿದೆ. ಗೆರೆ ಇಳಿಯಿತು. ತಂತ್ರಜ್ಞರು ಕುರ್ಚಿಯಿಂದ ಎದ್ದು ನಿಂತರು. ಏಳು ಎಲೆ ನೋಡಿದೆವು, ಏಳರಲ್ಲೂ ಇಳಿಯಿತು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆ ಉಮೇದಿನಲ್ಲಿ ಮಾಡಬಾರದ ಒಂದು ಕೆಲಸ ಮಾಡಿದೆ, ಸಮಿತಿಯ ತಜ್ಞರಿಗೆ ಫೋನು ಹಚ್ಚಿದೆ.

ಅವರು ಸಮಾಧಾನದಿಂದ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಅವು ನೀರಿನಿಂದಲೇ ಬಂದ ಎಲೆಕ್ಟ್ರಾನುಗಳು ಅನ್ನೋದಕ್ಕೆ ಏನು ಸಾಕ್ಷಿ?" ಹಳೆಯವೇ ಗಾಣದ ಎತ್ತಿನ ಹಾಗೆ ಸುತ್ತು ಹಾಕಿ ವಾಪಸು ಬಂದು ಅದೇ ಜಾಗ ತುಂಬಿರಬಹುದು. ಎಲೆಯಲ್ಲಿ ಹಾಗೆ ಆಗುವುದುಂಟು. ಮನುಷ್ಯ ಹೇಳಿದ್ದು ಸರಿಯಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಸಾಕ್ಷಿ ಒಂದೇ, ಆಮ್ಲಜನಕ. ನೀರು ಒಡೆದರೆ ಮಾತ್ರ ಅದು ಹುಟ್ಟುತ್ತದೆ.

ಅದಕ್ಕೆ ತಯಾರಿ ಇರಲಿಲ್ಲ ಎಂದಲ್ಲ. ಆಮ್ಲಜನಕವೂ ಸ್ವತಃ ಪುಟ್ಟ ಅಯಸ್ಕಾಂತವೇ. ಒಂಟಿ ಎಲೆಕ್ಟ್ರಾನುಗಳಿರುವ ಯಾವುದಾದರೂ ಪುಡಿಯನ್ನು ಎಲೆಯ ಜೊತೆ ಇಟ್ಟರೆ, ಆಮ್ಲಜನಕ ಬಂದು ಅದಕ್ಕೆ ಡಿಕ್ಕಿ ಹೊಡೆದಾಗ ಪುಡಿಯ ಗೆರೆ ಅಗಲವಾಗುತ್ತದೆ. ಆಮ್ಲಜನಕ ಹೆಚ್ಚಿದಷ್ಟೂ ಗೆರೆ ದಪ್ಪ. ಅಂಥದೊಂದು ಕಪ್ಪು ಪುಡಿಯನ್ನು ವಿದೇಶದಿಂದ ತರಿಸಿದ್ದೆ. ಬೆರಳಿನ ಉಗುರಿನಷ್ಟು ಶೀಶೆ, ಅದರ ತಳದಲ್ಲಿ ಒಂದು ಚಿಟಿಕೆ. ನಾಲ್ಕನೆಯ ದಿನ ಬೆಳಿಗ್ಗೆ ಕರೆಂಟು ಹೋಗಿತ್ತು. ಕಾಯುತ್ತ ಕೂರುವುದೇಕೆಂದು ಶೀಶೆ ಬಿಚ್ಚಿ ಪುಡಿಯನ್ನೆಲ್ಲ ಬೆಣ್ಣೆಕಾಗದದ ಮೇಲೆ ಸುರಿದು, ಚಾಕುವಿನ ತುದಿಯಿಂದ ಪಾಲು ಮಾಡತೊಡಗಿದೆ. ಆಗ ಕರೆಂಟು ಬಂತು. ತಲೆಯ ಮೇಲಿನ ಫ್ಯಾನಿನ ಸ್ವಿಚ್ಚನ್ನು ಯಾರೂ ಆರಿಸಿರಲಿಲ್ಲ. ಒಂದು ಸುತ್ತು, ಎರಡು ಸುತ್ತು, ಮೂರನೆಯ ಸುತ್ತಿಗೆ ಕಾಗದ ಬೆಳ್ಳಗಾಗಿತ್ತು. ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು ನಾನು. ಕರೆಂಟು ಹೋದಾಗ ಫ್ಯಾನಿನ ಸ್ವಿಚ್ಚು ಆರಿಸುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ಗಾಳಿ ಬಂತೆಂದರೆ ಕರೆಂಟು ಬಂತೆಂದು ತಿಳಿಯುವವರು ನಾವು. ತಂತ್ರಜ್ಞರು ನೆಲದ ಮೇಲೆ ಮೊಣಕಾಲೂರಿ ಟಾರ್ಚು ಹಿಡಿದು ಹುಡುಕಿದರು. ಸಿಕ್ಕಿದ್ದು ಸೀಮೆಸುಣ್ಣದ ಧೂಳು.

ಹೊಸದು ತರಿಸಲು ತಿಂಗಳು ಬೇಕು. ತಂತ್ರಜ್ಞರು ಮೆಲ್ಲಗೆ, ಎಲೆಕ್ಟ್ರಾನಿನ ಅಳತೆಯನ್ನಾದರೂ ಪೂರ್ತಿ ಮಾಡಿಕೊಂಡು ಹೋಗೋಣ ಮೇಡಂ ಎಂದರು. ಅರ್ಧ ಸಾಕ್ಷಿ ಹಿಡಿದುಕೊಂಡು ಸಭೆಗೆ ಹೋದರೆ ಆ ತಜ್ಞರು ನನ್ನನ್ನು ಹುರಿದು ಮುಕ್ಕುತ್ತಾರೆಂದು ನನಗೆ ಗೊತ್ತಿತ್ತು. ಹೊರಗೆ ಬಂದು ರಸ್ತೆಯಲ್ಲಿ ನಿಂತೆ. ಎದುರಿನ ಇಸ್ತ್ರಿ ಅಂಗಡಿಯವನು ಪೆಟ್ಟಿಗೆಯ ಬೂದಿ ಕೊಡವಿ ಇದ್ದಿಲು ತುಂಬುತ್ತಿದ್ದ. ಅದನ್ನು ನೋಡುತ್ತ ನೋಡುತ್ತ ಮೈ ಜುಮ್ಮೆಂದಿತು. ಮುಚ್ಚಿ ಸುಟ್ಟ ಕೆಲವು ಇದ್ದಿಲುಗಳಲ್ಲಿ ಒಂಟಿ ಎಲೆಕ್ಟ್ರಾನುಗಳು ಉಳಿದಿರುತ್ತವೆ, ಅವುಗಳ ಗೆರೆಯೂ ಆಮ್ಲಜನಕಕ್ಕೆ ದಪ್ಪವಾಗುತ್ತದೆ ಎಂದು ನಾನೇ ಎಷ್ಟೋ ಸಲ ಪಾಠ ಮಾಡಿದ್ದೆ. ಪಾಠ ಮಾಡುವುದು ಬೇರೆ, ಬೇಕಾದಾಗ ಹೊಳೆಯುವುದು ಬೇರೆ. ಉಳಿದ ಎಂಟು ದಿನವನ್ನು ಇದ್ದಿಲಿನ ಮೇಲೆಯೇ ಹಾಕುವುದೆಂದು ಅಲ್ಲಿಯೇ ನಿಂತು ತೀರ್ಮಾನಿಸಿದೆ. ಸಿಗದಿದ್ದರೆ ಎಲೆಕ್ಟ್ರಾನಿನ ಅಳತೆಯೂ ಅರ್ಧಕ್ಕೆ ನಿಲ್ಲುತ್ತಿತ್ತು. ತಂತ್ರಜ್ಞರು ಬೇಡವೆನ್ನಲಿಲ್ಲ, ಆದರೆ ಆ ದಿನ ರೊಟ್ಟಿ ಒಂದೇ ತಿಂದರು.

ಇಸ್ತ್ರಿಯವನು ಒಳ್ಳೆಯ ಇದ್ದಿಲು ಬೇಕಾದರೆ ಕುಲುಮೆಯ ಚಾಚಾನ ಹತ್ತಿರ ಹೋಗಿರೆಂದ. ಚಾಚಾ ಎಪ್ಪತ್ತರ ಹತ್ತಿರದ ಕಮ್ಮಾರ. ಸುಗ್ಗಿ ಹತ್ತಿರ ಬಂದಿದ್ದರಿಂದ ಕುಲುಮೆಯ ಮುಂದೆ ಕುಡಗೋಲುಗಳ ರಾಶಿ ಬಿದ್ದಿತ್ತು. ಇದ್ದಿಲು ಯಾವ ಕೆಲಸಕ್ಕೆ ಎಂದು ಕೇಳಿದರು. ಎಲೆಯಲ್ಲಿ ಹುಟ್ಟುವ ಗಾಳಿ ಅಳೆಯುವುದಕ್ಕೆ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು, ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರು.

"ಹಂಗಾದ್ರ ಭಾಳ ಚಲೋದೇ ಬೇಕ್ರಿ ಅಕ್ಕಾರ."

ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ತುಂಡು ಎತ್ತಿ ಅಡಿಗಲ್ಲಿಗೆ ಬಡಿದು ಕಿವಿಗೊಟ್ಟರು. ಖಣ್ ಎಂದದ್ದನ್ನು ನನ್ನ ಚೀಲಕ್ಕೆ ಹಾಕಿದರು, ಉಳಿದದ್ದನ್ನು ಹಿಂದಿನ ಮೂಲೆಗೆ ಎಸೆದರು. ಬಳ್ಳಾರಿ ಜಾಲಿಯನ್ನು ಕುಣಿಯಲ್ಲಿಟ್ಟು ಮಣ್ಣು ಮುಚ್ಚಿ ಸುಟ್ಟ ಇದ್ದಿಲು ಅದು. ಕುಣಿಯ ನಟ್ಟನಡುವೆ ಬೆಂದದ್ದು ಮಾತ್ರ ಹಾಗೆ ದನಿ ಕೊಡುತ್ತದಂತೆ. ಹಣ ಮುಟ್ಟಲಿಲ್ಲ, ಚಹಾ ಕುಡಿಸಿ ಕಳಿಸಿದರು.

ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ಗಾಜಿನ ನಳಿಗೆಯಲ್ಲಿ ತುಂಬಿ ಯಂತ್ರಕ್ಕಿಟ್ಟೆವು. ಯಂತ್ರ ಶ್ರುತಿಗೇ ಬರಲಿಲ್ಲ. ಸೂಕ್ಷ್ಮತರಂಗ ಒಳಗೆ ನಿಲ್ಲುತ್ತಲೇ ಇರಲಿಲ್ಲ. ಮರುದಿನ ಮತ್ತೆ ಹೋದೆ. ಚಾಚಾ ನೊಂದುಕೊಂಡು ಇನ್ನೂ ಒಳ್ಳೆಯದು ಆರಿಸಿದರು, ತಾವು ನೇಗಿಲ ಕುಳಕ್ಕೆಂದು ತೆಗೆದಿಟ್ಟಿದ್ದ ತುಂಡುಗಳು. ಅವುಗಳಿಂದ ಯಂತ್ರ ಇನ್ನಷ್ಟು ಹಟ ಹಿಡಿಯಿತು. ಏಳನೆಯ ದಿನವೂ ಹೋಯಿತು. ಎಲ್ಲಿ ತಪ್ಪುತ್ತಿದ್ದೇವೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ತಂತ್ರಜ್ಞರು ಕರೆಂಟು ನೋಡುವ ಮೀಟರಿನ ಎರಡು ತುದಿಗಳನ್ನು ಒಂದು ಇದ್ದಿಲಿಗೆ ಸುಮ್ಮನೆ ತಾಗಿಸಿದರು. ಮೀಟರು ಪೀಂ ಎಂದಿತು.

"ಇದು ಇದ್ದಿಲಲ್ಲ ಮೇಡಂ, ತಂತಿ" ಎಂದರು.

ನಾನು ಹಣೆ ಹಣೆ ಚಚ್ಚಿಕೊಂಡೆ. ಪೂರ್ತಿ ಬೆಂದ ಇದ್ದಿಲು ಕರೆಂಟು ಹಾಯಿಸುತ್ತದೆ, ಅದಕ್ಕೇ ಲೋಹದ ದನಿ. ಅದರಲ್ಲಿ ಎಲೆಕ್ಟ್ರಾನುಗಳು ಒಂದೆಡೆ ನಿಲ್ಲದೆ ಓಡಾಡುತ್ತವೆ, ತರಂಗವನ್ನು ನುಂಗಿಬಿಡುತ್ತವೆ. ಮೂರು ದಿನದಿಂದ ಆ ಹಿರಿಯರು ಮನೆಗೆ ಬಂದ ಅತಿಥಿಗೆ ತಮ್ಮಲ್ಲಿದ್ದ ಅತ್ಯುತ್ತಮವಾದದ್ದನ್ನು ಕೊಡುತ್ತಿದ್ದರು. ನನಗೆ ಬೇಕಾದದ್ದು ಅವರು ಹಿಂದಿನ ಮೂಲೆಗೆ ಎಸೆಯುತ್ತಿದ್ದ ತುಂಡುಗಳು.

ಓಡಿಹೋಗಿ ಮೂಲೆಯ ರಾಶಿ ಬೇಕೆಂದು ಕೇಳಿದೆ. ಚಾಚಾ ಸುತ್ತಿಗೆ ಕೆಳಗಿಟ್ಟರು.

"ಅದು ಹೊಗಿ ಇದ್ದಲಿರಿ. ಅದನ್ನ ನಿಮಗ ಕೊಟ್ರ ಊರಾಗ ಏನಂದಾರು? ಕೇಳ್ಕೊಂಡ ಬಂದ ಅಕ್ಕಾರಿಗೆ ಕಸಾ ಕಟ್ಟಿ ಕಳಿಸ್ಯಾನ ಅಂದಾರು."

"ಚಾಚಾ, ಈಗ ನನಗ ಆ ಕಸಾನೇ ಬೇಕಾಗೇತಿ. ನೀವು ಕೊಟ್ಟ ಚಲೋದು ನನ್ನ ಯಂತ್ರಕ್ಕ ಜೀರ್ಣ ಆಗಲಿಲ್ಲ."

ಒಪ್ಪಲು ಅರ್ಧ ತಾಸು ಹಿಡಿಯಿತು. ಕೊನೆಗೆ ಒಂದು ಷರತ್ತು ಹಾಕಿದರು. "ಬರಿಯೂ ಮುಂದ, ಮೊದಲ ಚಲೋದು ಕೊಟ್ಟಿದ್ದ ಅಂತ ಬರೀರಿ ಮತ್ತ." ಬರೆಯುತ್ತೇನೆ ಎಂದು ಮಾತು ಕೊಟ್ಟೆ.

ಮೂಲೆಯ ರಾಶಿಯಲ್ಲಿ ಕೈಗೆ ಬಂದದ್ದನ್ನು ತಂದು ಇಟ್ಟಾಗ ಗೆರೆಯೇನೋ ಬಂತು, ಆದರೆ ಜೋಳದ ಸೊಪ್ಪೆಯಂತೆ ದಪ್ಪ. ಗಾಳಿಯಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದು ಇನ್ನೂ ಕಟ್ಟಿಗೆಯ ಗುಣ ಬಿಡದ ಹಸಿ ಇದ್ದಿಲು. ಅಂದರೆ ಬೇಕಾದದ್ದು ಎರಡರ ನಡುವಿನದು. ಎಷ್ಟು ಬಿಸಿಗೆ ಬೆಂದದ್ದು ಎಂದು ಅಳೆಯಲು ನನ್ನಲ್ಲಿ ಏನೂ ಇರಲಿಲ್ಲ, ಚಾಚಾನ ಕಿವಿ ಇತ್ತು. ಎಂಟನೆಯ ದಿನ ಬೆಳಿಗ್ಗೆ ಅವರು ಕುಡಗೋಲಿನ ಕೆಲಸ ಬದಿಗಿಟ್ಟು ನನಗಾಗಿ ರಾಶಿಯನ್ನು ದನಿಯ ಪ್ರಕಾರ ವಿಂಗಡಿಸಿದರು. ಖಣ್ ಅನ್ನುವುದು, ಟಣ್ ಅನ್ನುವುದು, ಟಕ್ ಅನ್ನುವುದು, ಏನೂ ಅನ್ನದೆ ದೊಪ್ ಎಂದು ಬೀಳುವುದು. ನನ್ನ ಕಿವಿಗೆ ಟಣ್‌ಗೂ ಟಕ್‌ಗೂ ವ್ಯತ್ಯಾಸ ಹತ್ತಲೇ ಇಲ್ಲ. ಇಪ್ಪತ್ತು ವರ್ಷದ ವಿದ್ಯೆ ಹೊತ್ತವಳು ಆ ಬುಟ್ಟಿಗಳ ಮುಂದೆ ಒಂದನೆಯ ಇಯತ್ತೆಯ ಮಗುವಿನ ಹಾಗೆ ಕುಳಿತಿದ್ದೆ, ಅದು ನನಗೆ ಬಹಳ ಇಷ್ಟವಾಯಿತು.

ಟಕ್ ಅನ್ನುವ ಇದ್ದಿಲು ಕೂದಲೆಳೆಯಂಥ ಗೆರೆ ಕೊಟ್ಟಿತು. ಈಗ ಆಮ್ಲಜನಕ ಇಲ್ಲದ ಗಾಳಿ ಬೇಕು. ರೋಣದ ದನದ ದವಾಖಾನೆಯಲ್ಲಿ ಹೋರಿಯ ವೀರ್ಯ ಕಾಪಿಡಲು ದ್ರವ ಸಾರಜನಕ ಇರುತ್ತದೆಂದು ಹೊಳೆದದ್ದು ತಂತ್ರಜ್ಞರಿಗೆ. ಅಲ್ಲಿನ ವೈದ್ಯರು ಎಮ್ಮೆಗೋ ಆಕಳಿಗೋ ಎಂದು ಕೇಳಿ, ಇದ್ದಿಲಿಗೆ ಎಂದಾಗ ಮರುಮಾತಾಡದೆ ಒಂದು ಪಾತ್ರೆ ತುಂಬಿಸಿಕೊಟ್ಟರಂತೆ. ಅದರಿಂದ ಏಳುವ ಆವಿಯನ್ನು ನಳಿಗೆಯಲ್ಲಿ ಹಾಯಿಸಿದೆವು. ಪರದೆಯ ಮೇಲೆ ಗೆರೆ ಸಣ್ಣಗಾಯಿತು. ಹೊರಗಿನ ಗಾಳಿ ಬಿಟ್ಟೆವು, ದಪ್ಪವಾಯಿತು. ಮತ್ತೆ ಸಾರಜನಕ, ಮತ್ತೆ ಸಣ್ಣಗೆ. ಬುಟ್ಟಿಯ ಕಸ ಉಸಿರಾಡುತ್ತಿತ್ತು. ನಾನು ತಂತ್ರಜ್ಞರ ಬೆನ್ನಿಗೆ ಎಷ್ಟು ಜೋರಾಗಿ ಗುದ್ದಿದೆನೆಂದರೆ ಅವರ ಕನ್ನಡಕ ಮೂಗಿನಿಂದ ಜಾರಿತು.

ಹತ್ತು, ಹನ್ನೊಂದು, ಹನ್ನೆರಡನೆಯ ದಿನಗಳ ಮಧ್ಯಾಹ್ನಗಳು ಹೇಗೆ ಕಳೆದವೋ ತಿಳಿಯಲಿಲ್ಲ. ಬಿಸಿಲು ನೆತ್ತಿಗೆ ಬಂದು ಎಲೆ ಸುರುಳಿಯಾದೊಡನೆ ಕೊಯ್ಯುವುದು, ದಾರದಷ್ಟು ಸಣ್ಣಗೆ ಸೀಳುವುದು, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಇದ್ದಿಲ ಪುಡಿಯ ಜೊತೆ ನಳಿಗೆಗೆ ತುಂಬುವುದು, ಸಾರಜನಕ ಊದಿ ಬಾಯಿಗೆ ಮೇಣ ಹಚ್ಚುವುದು. ಮುಚ್ಚಿದ ಬಾಗಿಲಾಚೆ ಎಲೆಗೆ ಸಿಗದ ಇಂಗಾಲದ ಡೈಆಕ್ಸೈಡನ್ನು ಸೋಡಾ ಒದಗಿಸುತ್ತದೆ, ಯಂತ್ರಾಂಗ ಕೆಟ್ಟಿದ್ದರೆ ಒದಗಿಸಿಯೂ ಉಪಯೋಗವಿಲ್ಲ. ಕತ್ತಲಲ್ಲಿ ಗೆರೆ ಸಣ್ಣಗೇ ಇತ್ತು. ಬೆಳಕು ಬಿಟ್ಟೆವು. ಎರಡು ನಿಮಿಷ ಏನೂ ಇಲ್ಲ. ಮೂರನೆಯ ನಿಮಿಷಕ್ಕೆ ಗೆರೆ ಅಗಲವಾಗತೊಡಗಿತು. ಬೆಳಕು ಆರಿಸಿದರೆ ನಿಂತಿತು, ಹಚ್ಚಿದರೆ ಮತ್ತೆ ಮುಂದುವರಿಯಿತು. ಗೊಬ್ಬರದ ಅಂಗಡಿಯಿಂದ ತಂದ, ನೀರು ಒಡೆಯುವ ಠಾಣೆಯಿಂದ ಮುಂದಿನ ದಾರಿಯನ್ನು ಮುಚ್ಚುವ ಕಳೆನಾಶಕ ಒಂದು ಹನಿ ಹಾಕಿದ ನಳಿಗೆಯಲ್ಲಿ ಗೆರೆ ಅಲುಗಲೇ ಇಲ್ಲ, ಅದೇ ಎಲೆಯಲ್ಲಿ ಎಲೆಕ್ಟ್ರಾನಿನ ಗೆರೆಯೂ ಇಳಿಯಲಿಲ್ಲ. ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದವು. ಹದಿಮೂರನೆಯ ಬೆಳಿಗ್ಗೆ ಗಾಡಿ ಬಂದಾಗ ನಾನು ಕೊನೆಯ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳುತ್ತಿದ್ದೆ.

ಜನವರಿಯ ಸಭೆಯಲ್ಲಿ ಆ ತಜ್ಞರು ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಆಮ್ಲಜನಕ ಅಳೆಯಲು ಬಳಸಿದ ಪುಡಿ ಯಾವುದೆಂದು ಕೇಳಿದರು. ನಾನು ಚೀಲದಿಂದ ಎರಡು ತುಂಡು ತೆಗೆದು ಒಂದೊಂದಾಗಿ ಮೇಜಿಗೆ ಬಡಿದೆ. ಖಣ್. ಟಕ್. ಮೊದಲನೆಯದು ಉತ್ತಮ ದರ್ಜೆಯದು, ಕಮ್ಮಾರರು ಮೊದಲು ಕೊಟ್ಟದ್ದು ಅದನ್ನೇ, ನಮ್ಮ ಉಪಕರಣ ಅದಕ್ಕೆ ತಕ್ಕುದಾಗಿರಲಿಲ್ಲ ಎಂದು ವರದಿಯಲ್ಲಿ ಬರೆದಿರುವುದನ್ನೂ ತೋರಿಸಿದೆ. ಅವರು ಎರಡನೆಯ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ತಾವೇ ಒಮ್ಮೆ ಮೇಜಿಗೆ ಬಡಿದರು. ಮಲಗುವ ತಳಿ ಎಂದು ತಾವು ಬರೆದದ್ದರ ಮೇಲೆ ತಮ್ಮ ಕೈಯಿಂದಲೇ ಗೆರೆ ಎಳೆದರು. ಮುಂದಿನ ಹಂಗಾಮಿನ ಪರೀಕ್ಷೆಯಲ್ಲಿ ನಮ್ಮ ಜೋಳಕ್ಕೆ ಜಾಗ ಸಿಕ್ಕಿತು.

ಮೆಟ್ಟಿಲು ಇಳಿಯುವಷ್ಟೂ ತಾಳ್ಮೆಯಿಲ್ಲದೆ ಅಲ್ಲಿಂದಲೇ ಅವ್ವಾರಿಗೆ ಫೋನು ಮಾಡಿದೆ. ಆಕೆ ಹೊಲದಲ್ಲಿದ್ದಳು, ಹಕ್ಕಿ ಹೊಡೆಯುವ ತಗಡಿನ ಸದ್ದು ಕೇಳುತ್ತಿತ್ತು. ಗೆರೆ, ಆಮ್ಲಜನಕ, ಸಭೆ, ತಜ್ಞರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಮಧ್ಯಾಹ್ನ ನಿಮ್ಮ ಜೋಳ ಮಲಗುವುದಿಲ್ಲ ಎಂದು ಸಾಬೀತಾಯಿತು ಎಂದೆ. ಆಕೆಗೆ ಅದು ಮೊದಲೇ ಗೊತ್ತಿದ್ದ ವಿಷಯ. ಮಕ್ಕಳ ಪೈಕಿ ಯಾರಿಗೋ, ಆ ಬದುವಿನ ಕಡೆಯ ಸಾಲು ಕೊಯ್ಯಬೇಡ ಎಂದು ಕೂಗಿ ಹೇಳಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಳು.

"ಹಂಗಾದ್ರ ಬೀಜಕ್ಕ ಎಷ್ಟು ತೆನಿ ತೆಗದಿಡ್ಲಿ, ಹೇಳು."